ಅಣ್ಣನ ಕಿಡ್ನಿ ಕಸಿಗೆ ವಿದೇಶಕ್ಕೆ ಹೋಗುವುದಾ? ಏಜೆಂಟ್ ಮೂರೇ ವಾರ ಸಾಕು ಅನ್ನುತ್ತಿದ್ದಾನೆ

ಡೊಂಬಿವಲಿ ತಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕುಂದಾಪುರ ಕಡೆ. ಅಣ್ಣನಿಗೆ 46 ವರ್ಷ, ಥಾಣೆಯಲ್ಲಿ ಸಣ್ಣ ಹೋಟೆಲು ಇದೆ. ಶುಗರಿನಿಂದ ಎರಡೂ ಕಿಡ್ನಿ ಹೋಗಿವೆ. 14 ತಿಂಗಳಿಂದ ಡಯಾಲಿಸಿಸ್. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾನೆ. ಹೋಟೆಲಿನ ಗಲ್ಲೆಯಲ್ಲಿ ಈಗ ಅತ್ತಿಗೆ ಕೂರುತ್ತಾರೆ.

ಅಣ್ಣನ ರಕ್ತ ಓ ಪಾಸಿಟಿವ್. ಅತ್ತಿಗೆಯದು ಬಿ, ಕೂಡಿಬರುವುದಿಲ್ಲ. ನನಗೂ ಶುಗರ್ ಇದೆ, ಡಾಕ್ಟರು ಮೊದಲ ದಿನವೇ ಬೇಡ ಅಂದರು. ಅಮ್ಮನಿಗೆ 74. ಊರಲ್ಲಿರುವ ಅಕ್ಕನದು ಓ. ಕೊಡುತ್ತೇನೆ ಅಂತಾಳೆ. ಆದರೆ ಭಾವನ ಮನೆಯವರು ಒಪ್ಪುತ್ತಿಲ್ಲ.

ಹೋದ ವಾರ ಡಯಾಲಿಸಿಸ್ ಸೆಂಟರಿನ ಹೊರಗೆ ಒಬ್ಬ ಏಜೆಂಟ್ ಸಿಕ್ಕಿದ. 28 ಲಕ್ಷ ಕೊಡಿ, ವೀಸಾ, ಆಪರೇಷನ್, ಡೋನರ್ ಎಲ್ಲಾ ಅಲ್ಲೇ ರೆಡಿ, ಮೂರು ವಾರದಲ್ಲಿ ವಾಪಸ್ ಅಂದ. ಯಾವ ದೇಶ ಅಂತ ಕೇಳಿದರೆ ಮೊದಲ ಸಲ ಒಂದು ಹೆಸರು, ಎರಡನೇ ಸಲ ಇನ್ನೊಂದು. ನನಗೆ ಮನಸ್ಸಿಲ್ಲ. ಆದರೆ ಅಣ್ಣ ಊರಿನ ಗದ್ದೆ ಮಾರಿಯಾದರೂ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಯಾರಾದರೂ ಹೀಗೆ ಹೋಗಿ ಬಂದಿದ್ದೀರಾ? ದಯವಿಟ್ಟು ನಿಜ ಹೇಳಿ.

ಮಾಟುಂಗಾ ಮಾವ
ಬೇಡ. ಗದ್ದೆ ಮಾರಬೇಡಿ. ದೇಶದ ಹೆಸರೇ ಸರಿಯಾಗಿ ಹೇಳದವನ ಕೈಗೆ ಅಣ್ಣನನ್ನು ಕೊಡುತ್ತೀರಾ?

ಮುಲುಂಡ್ ಟೆಕ್ನಿಷಿಯನ್
ನಾನು ಡಯಾಲಿಸಿಸ್ ಟೆಕ್ನಿಷಿಯನ್, 11 ವರ್ಷದಿಂದ ಇದೇ ಕೆಲಸ. ಒಂದು ಪ್ರಶ್ನೆ. ಅಣ್ಣನ ಹೆಸರು ಕ್ಯಾಡೆವರ್ ಲಿಸ್ಟಿನಲ್ಲಿ ಇದೆಯಾ? ಅಂದರೆ ಮೆದುಳು ಸತ್ತವರ ಅಂಗಕ್ಕಾಗಿ ಕಾಯುವ ಪಟ್ಟಿ. 14 ತಿಂಗಳು ಆಗಿದೆ ಅಂದಿರಿ, ಆದರೆ ಪಟ್ಟಿಯ ಮಾತೇ ಎತ್ತಲಿಲ್ಲ.

ಡೊಂಬಿವಲಿ ತಮ್ಮ
ಇಲ್ಲ. ಯಾರೂ ಹೇಳಲಿಲ್ಲ. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲೇ ಇರಬೇಕು ಅಂದುಕೊಂಡಿದ್ದೆವು.

ಮುಲುಂಡ್ ಟೆಕ್ನಿಷಿಯನ್
ಹಾಗೇನಿಲ್ಲ. ಕಸಿಗೆ ಲೈಸೆನ್ಸ್ ಇರುವ ಯಾವುದೇ ಆಸ್ಪತ್ರೆಯ ಮೂಲಕ ಹೆಸರು ಹಾಕಬಹುದು. ಮುಂಬೈ ವಲಯಕ್ಕೆ ಜೆಡ್‌ಟಿಸಿಸಿ, ಅಂದರೆ ಪಟ್ಟಿ ನೋಡಿಕೊಳ್ಳುವ ವಲಯ ಕಸಿ ಸಮನ್ವಯ ಕೇಂದ್ರ ಇದೆ, ಕಚೇರಿ ಸಾಯನ್ ಆಸ್ಪತ್ರೆಯ ಆವರಣದಲ್ಲಿ. 2000ದಿಂದ ನಡೆಯುತ್ತಿದೆ. ನೀವು ನೇರವಾಗಿ ಅಲ್ಲಿಗೆ ಹೋಗಬೇಕಾಗಿಲ್ಲ. ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಎಲ್ಲಾ ಮಾಡಿಸುತ್ತಾರೆ. ಡಯಾಲಿಸಿಸ್‌ನಲ್ಲಿ ಎಷ್ಟು ಕಾಲದಿಂದ ಇದ್ದಾರೆ ಅನ್ನುವುದಕ್ಕೂ ಪಟ್ಟಿಯಲ್ಲಿ ಅಂಕ ಇದೆ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯಲ್ಲಿ ಮಾಡುವ ರಕ್ತನಾಳದ ಜೋಡಣೆ) ಕೆಟ್ಟು ಹೋಗಿ ಸೂಜಿ ಹಾಕಲು ಜಾಗವೇ ಇಲ್ಲದವರಿಗೂ ಅಂಕ ಇದೆ. ಓ ಗುಂಪಿನವರಿಗೆ ಕಾಯುವುದು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ನಾಳೆಯೇ ಹೆಸರು ಹಾಕಿಸಿ.

ಮೀರಾ ರೋಡ್ ಮಗಳು
ಎಲ್ಲರೂ ಸುಲಭವಾಗಿ ಬೇಡ ಅನ್ನುತ್ತಿದ್ದೀರಿ. ನಮ್ಮಪ್ಪನ ಹೆಸರು ಪಟ್ಟಿಯಲ್ಲಿ ನಾಲ್ಕು ವರ್ಷ ಇತ್ತು. ಪಟ್ಟಿಯಲ್ಲಿ ಇರುವಾಗಲೇ ಹೋದರು. ಕೊನೆಯ ಆರು ತಿಂಗಳು ಅವರ ಕೈ ನೋಡಲು ಆಗುತ್ತಿರಲಿಲ್ಲ. ಆಗ ಯಾರಾದರೂ ಬಂದು ಮೂರು ವಾರ ಅಂದಿದ್ದರೆ ನಾನು ಬಳೆ ಬಿಚ್ಚಿ ಕೊಡುತ್ತಿದ್ದೆ. ರೋಗಿಯ ಮನೆಯವರನ್ನು ಕಳ್ಳರ ಹಾಗೆ ನೋಡಬೇಡಿ.

ಮಾಟುಂಗಾ ಮಾವ
ತಂಗೀ, ಮನೆಯವರನ್ನು ಯಾರೂ ಕಳ್ಳರು ಅನ್ನಲಿಲ್ಲ. ಏಜೆಂಟನನ್ನು ಅಂದೆ. ನಿಮ್ಮಪ್ಪನ ವಿಷಯ ಕೇಳಿ ಬೇಸರವಾಯಿತು.

ವಾಶಿ ನಿವಾಸಿ
ನನ್ನ ಚಿಕ್ಕಪ್ಪನ ಕತೆ ಹೇಳುತ್ತೇನೆ. ಹಣ ಕೊಟ್ಟು ಹೊರದೇಶಕ್ಕೆ ಹೋದರು. ದೇಶದ ಹೆಸರು ಬೇಡ. ಅಲ್ಲಿ ಆಸ್ಪತ್ರೆ ಅಂತ ಕರೆದುಕೊಂಡು ಹೋಗಿದ್ದು ಎರಡು ಮಹಡಿಯ ಒಂದು ಮನೆಗೆ. ರಾತ್ರಿ ಆಪರೇಷನ್. ಡೋನರ್ ಯಾರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಒಂಬತ್ತನೇ ದಿನ ವಿಮಾನ ಹತ್ತಿಸಿದರು. ಕೈಯಲ್ಲಿ ಒಂದು ಪುಟದ ಚೀಟಿ, ಅದರಲ್ಲಿ ಮಾತ್ರೆಗಳ ಹೆಸರು. ಅಷ್ಟೇ.

ಇಲ್ಲಿಗೆ ಬಂದು ಹನ್ನೆರಡನೇ ದಿನಕ್ಕೆ ಜ್ವರ. ಗಾಯದಿಂದ ನೀರು ಸೋರುತ್ತಿತ್ತು. ಮುಂಬೈ ಡಾಕ್ಟರು ಕೇಳಿದ ಒಂದು ಪ್ರಶ್ನೆಗೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಡೋನರ್ ಮತ್ತು ರೋಗಿಯ ರಕ್ತ ಕೂಡಿಬರುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ರಿಪೋರ್ಟ್ ಎಲ್ಲಿ? ಡೋನರಿಗೆ ಹೆಪಟೈಟಿಸ್ ಪರೀಕ್ಷೆ ಮಾಡಿದ್ದರಾ? ಮೂತ್ರನಾಳದಲ್ಲಿ ಸ್ಟೆಂಟ್ ಅನ್ನುವ ಕೊಳವೆ ಹಾಕಿದ್ದಾರಾ? ಶುರುವಿನಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು? ಯಾವುದೂ ಗೊತ್ತಿಲ್ಲ. ಸ್ಕ್ಯಾನ್ ಮಾಡಿ ಸ್ಟೆಂಟ್ ಇದೆ ಅಂತ ಕಂಡುಹಿಡಿದರು. ಐದು ತಿಂಗಳಿಗೆ ಆ ಕಿಡ್ನಿಯನ್ನೇ ತೆಗೆದರು. ಈಗ ಮತ್ತೆ ಡಯಾಲಿಸಿಸ್. ಮನೆ ಮಾರಿದ್ದು ಮಾರಿದ್ದೇ.

ಘಾಟ್ಕೋಪರ್ ಗೆಳೆಯ
ಒಂದು ಕೇಸ್ ಇಟ್ಟುಕೊಂಡು ಎಲ್ಲಾ ದೇಶ ಕೆಟ್ಟದ್ದು ಅನ್ನಬೇಡಿ. ನನ್ನ ಕಲೀಗ್ ಸಿಂಗಾಪುರದಲ್ಲಿ ಮಾಡಿಸಿಕೊಂಡು ಆರಾಮಾಗಿ ಇದ್ದಾನೆ.

ವಾಶಿ ನಿವಾಸಿ
ನಿಮ್ಮ ಕಲೀಗಿಗೆ ಕೊಟ್ಟವರು ಯಾರು?

ಘಾಟ್ಕೋಪರ್ ಗೆಳೆಯ
ಅವನ ಹೆಂಡತಿ. ಇಬ್ಬರೂ ಅಲ್ಲೇ ಕೆಲಸ ಮಾಡುತ್ತಾರೆ.

ವಾಶಿ ನಿವಾಸಿ
ಹಾಗಾದರೆ ಅದು ಬೇರೆ ಮಾತಲ್ವಾ? ಸ್ವಂತ ಡೋನರ್, ದೊಡ್ಡ ಆಸ್ಪತ್ರೆ, ಮನೆಯೂ ಅಲ್ಲೇ. ಇವರ ಏಜೆಂಟ್ ಹೇಳುತ್ತಿರುವುದು ಅದಲ್ಲ.

ನಿವೃತ್ತ ಕೋಆರ್ಡಿನೇಟರ್
ಆಸ್ಪತ್ರೆಗಳಲ್ಲಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಆಗಿದ್ದೆ, ಈಗ ನಿವೃತ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಘಾಟ್ಕೋಪರಿನವರು ಹೇಳಿದ್ದು ಮತ್ತು ಏಜೆಂಟ್ ಹೇಳಿದ್ದು ಎರಡೂ 'ವಿದೇಶದಲ್ಲಿ ಕಸಿ'ಯೇ. ಆದರೆ ಒಂದಕ್ಕೊಂದು ಸಂಬಂಧವಿಲ್ಲ. ತನ್ನವರನ್ನೇ ಡೋನರ್ ಮಾಡಿಕೊಂಡು, ಕಾಗದಪತ್ರ ತೋರಿಸಿ, ಕಸಿಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ ಕೂತು ಮಾಡಿಸಿಕೊಳ್ಳುವುದು ಸರಿಯಾದ ದಾರಿ. ಸಿಂಗಾಪುರದಲ್ಲೂ ಎಥಿಕ್ಸ್ ಕಮಿಟಿ ಇದೆ. ಅಲ್ಲೂ ಅಂಗ ಕೊಳ್ಳುವುದು ಅಪರಾಧ. ಹಣ ಕೊಟ್ಟು ಕಿಡ್ನಿ ಪಡೆಯುವ ವ್ಯವಸ್ಥೆಯನ್ನು ಕಾನೂನಿನಲ್ಲೇ ಇಟ್ಟುಕೊಂಡಿರುವುದು ಇರಾನ್ ಮಾತ್ರ. ಅದೂ ಅವರ ಪ್ರಜೆಗಳಿಗೆ, ಹೊರಗಿನವರಿಗಲ್ಲ. ಹಾಗಾಗಿ 'ಡೋನರ್ ರೆಡಿ' ಅಂತ ಯಾರಾದರೂ ಅಂದರೆ ಅದು ಕಳ್ಳದಾರಿಯೇ.

ಇನ್ನು ಕಾನೂನು. ನಮ್ಮಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಇದೆ, 2011ರಲ್ಲಿ ಬಿಗಿ ಮಾಡಿದರು. ಅಂಗಕ್ಕೆ ಹಣ ಕೊಡುವವನು, ಪಡೆಯುವವನು, ಹಣಕ್ಕೆ ಡೋನರ್ ಹುಡುಕುವವನು, ನಡುವೆ ನಿಂತು ಮಾತಾಡುವವನು, ಎಲ್ಲರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಹಣ ಕೊಡುವವನಿಗೂ ಶಿಕ್ಷೆ ಇದೆ, ಇದನ್ನು ಅಣ್ಣನಿಗೆ ಓದಿ ಹೇಳಿ.

ಹಳೆಯ ಮಾತು ಒಂದು. 1980ರ ದಶಕದಲ್ಲಿ ಕಿಡ್ನಿ ಕೊಳ್ಳಲು ಜನ ವಿಮಾನ ಹತ್ತಿ ಬರುತ್ತಿದ್ದದ್ದು ನಮ್ಮ ಇದೇ ಬೊಂಬಾಯಿಗೆ. ಯುಎಇ ಮತ್ತು ಒಮಾನಿನಿಂದ ಹೀಗೆ ಬಂದು ಕಸಿ ಮಾಡಿಸಿಕೊಂಡು ಹೋದ 130 ರೋಗಿಗಳ ವರದಿ 1990ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೊದಲ ವರ್ಷದಲ್ಲೇ ತುಂಬಾ ಜನ ತೀರಿಕೊಂಡಿದ್ದರು. ಕೆಲವರಿಗೆ ಎಚ್‌ಐವಿ ಅಂಟಿತ್ತು. ಕೊಟ್ಟವರು ಯಾರು? ಇಲ್ಲಿನ ಬಡವರು. ಆ ವರದಿಯನ್ನು ಇವತ್ತಿಗೂ ಮರೆತಿಲ್ಲ. ಈಗ ದಿಕ್ಕು ತಿರುಗಿದೆ, ನಮ್ಮವರು ಹೊರಗೆ ಹೋಗುತ್ತಿದ್ದಾರೆ. ಉಳಿದದ್ದೆಲ್ಲ ಹಾಗೇ ಇದೆ.

ಪಿಂಪ್ರಿ ಪಾಟೀಲರ ಮನೆ
ಸರ್ ಬರೋಬ್ಬರಿ ಹೇಳಿದ್ರಿ. ಡೋನರ್ ಕಡೆ ಯಾರೂ ನೋಡೂದಿಲ್ಲ. ನೇಪಾಳದಾಗ ಹೊಕ್ಸೆ ಅಂತ ಒಂದು ಹಳ್ಳಿ ಐತಿ. ಅಲ್ಲಿನ ಮಂದಿನ್ನ ಕೆಲಸ ಕೊಡಸ್ತೀವಿ ಅಂತ ಕರಕೊಂಡು ಬಂದು ನಮ್ಮ ದೇಶದಾಗ ಕಿಡ್ನಿ ತಗದು ಕಳಿಸ್ಯಾರ. ಹೇಳಿದ ರೊಕ್ಕನೂ ಪೂರಾ ಸಿಕ್ಕಿಲ್ಲ. ಅಂಥವರ ಕಿಡ್ನಿ ಹೊಟ್ಟ್ಯಾಗ ಇಟ್ಕೊಂಡು ನಿದ್ದಿ ಹೆಂಗ ಬರ್ತದ್ರಿ?

ಮೀರಾ ರೋಡ್ ಮಗಳು
ಇದನ್ನು ಒಪ್ಪುತ್ತೇನೆ. ನನ್ನ ಅಪ್ಪನಾಗಿದ್ದರೆ ಅದನ್ನು ಕೇಳಿ ಬೇಡ ಅನ್ನುತ್ತಿದ್ದರು. ಆದರೆ ಪಟ್ಟಿ ಯಾಕೆ ಇಷ್ಟು ನಿಧಾನ? ಅದರ ಮೇಲೂ ಸಿಟ್ಟು ಬರಬೇಕಲ್ವಾ?

ನಿವೃತ್ತ ಕೋಆರ್ಡಿನೇಟರ್
ಬರಬೇಕು. ಕೊಡುವವರು ಕಡಿಮೆ, ಅದೇ ಕಾರಣ. ಮೆದುಳು ಸತ್ತಿದೆ ಅಂತ ನಾಲ್ಕು ಡಾಕ್ಟರುಗಳ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಹೇಳಬೇಕು. ಆಮೇಲೆ ಮನೆಯವರು ಒಪ್ಪಬೇಕು. ಎದೆ ಬಡಿದುಕೊಳ್ಳುತ್ತಿರುವ ತಾಯಿಯ ಮುಂದೆ ಕೂತು ಇದನ್ನು ಕೇಳುವ ಕೆಲಸ ನಾನು ಮಾಡಿದ್ದೇನೆ. ಹತ್ತು ಮನೆಯಲ್ಲಿ ಕೇಳಿದರೆ ಒಂದೆರಡು ಮನೆ ಹೂಂ ಅಂದರೆ ನಮಗೆ ದೊಡ್ಡದು.

ಕಾಂದಿವಲಿ ಕಸಿಯಾದವ
ನಾನು ಅಂಥ ಒಂದು ಮನೆಯ ಹೂಂನಿಂದ ಬದುಕಿದ್ದೇನೆ. ಕ್ಯಾಡೆವರ್ ಕಿಡ್ನಿ, ಈಗ ಆರು ವರ್ಷ. ಮೊದಲ ಸಲ ಕಾಲ್ ಬಂದಿದ್ದು ಗಣಪತಿ ಹಬ್ಬದ ರಾತ್ರಿ ಎರಡು ಗಂಟೆಗೆ. ರಸ್ತೆ ತುಂಬಾ ಮೆರವಣಿಗೆ. ಅರ್ಧ ದಾರಿ ನಡೆದೇ ಹೋದೆವು. ಹೋಗಿ ರಕ್ತ ಕೊಟ್ಟೆ. ಒಂದು ಅಂಗಕ್ಕೆ ಇಬ್ಬರು ಮೂವರನ್ನು ಕರೆಯುತ್ತಾರೆ, ಯಾರ ಕ್ರಾಸ್‌ಮ್ಯಾಚ್ ಕೂಡಿಬರುತ್ತದೋ ಗೊತ್ತಿರುವುದಿಲ್ಲ. ಬೆಳಿಗ್ಗೆ ಇನ್ನೊಬ್ಬರಿಗೆ ಕೂಡಿಬಂತು, ನನ್ನನ್ನು ಮನೆಗೆ ಕಳಿಸಿದರು. ಅವತ್ತು ನನ್ನ ಹೆಂಡತಿ ಲೋಕಲ್ ಟ್ರೈನಿನಲ್ಲಿ ಅತ್ತಿದ್ದು ನೆನಪಿದೆ. ಏಳು ತಿಂಗಳ ನಂತರ ಎರಡನೇ ಕಾಲ್. ಅದು ನನ್ನದಾಯಿತು.

ಡೊಂಬಿವಲಿಯವರೇ, ಮೂರು ವಾರದಲ್ಲಿ ಮುಗಿಯುತ್ತದೆ ಅನ್ನುವುದು ಶುದ್ಧ ಸುಳ್ಳು. ಆಪರೇಷನ್ ಆದ ಮೇಲೆಯೇ ಕೆಲಸ ಶುರು. ಮೊದಲ ಮೂರು ತಿಂಗಳು ನಾನು ಆಸ್ಪತ್ರೆಗೆ ಹೋಗಿ ಬರುವುದೇ ಒಂದು ನೌಕರಿ ಆಗಿತ್ತು. ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಟ್ಯಾಕ್ರೋ ಲೆವೆಲ್ (ತಿರಸ್ಕಾರ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅನ್ನುವುದು), ಮತ್ತೆ ಕ್ರಿಯಾಟಿನಿನ್. ಲೆವೆಲ್ ಕಡಿಮೆ ಆದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತದೆ, ಜಾಸ್ತಿ ಆದರೆ ಅದೇ ಮಾತ್ರೆ ಕಿಡ್ನಿಗೆ ವಿಷ. ನನಗೆ ಐದನೇ ವಾರದಲ್ಲಿ ರಿಜೆಕ್ಷನ್ ಆಯಿತು. ಸೂಜಿ ಹಾಕಿ ತುಣುಕು ತೆಗೆದು ನೋಡಿ, ಮೂರು ದಿನ ಸ್ಟೀರಾಯ್ಡ್ ಕೊಟ್ಟು ಉಳಿಸಿದರು. ಕಸಿ ಮಾಡಿದ ತಂಡ ಮನೆಯಿಂದ ಒಂದು ಗಂಟೆ ದೂರದಲ್ಲಿ ಇತ್ತು, ಅದಕ್ಕೇ ಉಳಿಯಿತು. ಆ ದಿನ ಅವರು ಸಮುದ್ರದ ಆಚೆ ಇದ್ದಿದ್ದರೆ?

ಮಾತ್ರೆ ಜೀವನಪೂರ್ತಿ. ನನಗೆ ಈಗ ತಿಂಗಳಿಗೆ 11 ಸಾವಿರ ಆಗುತ್ತದೆ. ಗದ್ದೆ ಮಾರಿ ಎಲ್ಲಾ ಏಜೆಂಟನಿಗೆ ಕೊಟ್ಟರೆ ಮಾತ್ರೆಗೆ ಏನು ಮಾಡುತ್ತೀರಿ?

ಡೊಂಬಿವಲಿ ತಮ್ಮ
ಇದನ್ನು ಅಣ್ಣನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ 'ಆ ಎರಡನೇ ಕಾಲ್ ಬಂದಾಗ ಅವರಿಗೆ ಹೆದರಿಕೆ ಆಗಿತ್ತಾ ಕೇಳು' ಅಂದ.

ಕಾಂದಿವಲಿ ಕಸಿಯಾದವ
ತುಂಬಾ ಆಗಿತ್ತು. ಮಂಚದ ಮೇಲೆ ಮಲಗಿಸಿ ಒಳಗೆ ತಳ್ಳುವಾಗ ಕೈಕಾಲು ತಣ್ಣಗೆ. ಎಚ್ಚರ ಆದಾಗ ನರ್ಸ್ ಮೂತ್ರದ ಚೀಲ ತೋರಿಸಿದರು. ಮೂರು ವರ್ಷದ ನಂತರ ಮೂತ್ರ ಬಂದಿತ್ತು. ನನ್ನ ನಂಬರ್ ಮೆಸೇಜ್ ಮಾಡುತ್ತೇನೆ, ಅಣ್ಣ ಯಾವಾಗ ಬೇಕಾದರೂ ಮಾತಾಡಲಿ.

ಪೊವಾಯಿ ಅಮ್ಮ
ಒಂದು ಸಂಶಯ. ಹಳೆಯ ಎರಡು ಕಿಡ್ನಿ ತೆಗೆದು ಹೊಸದು ಇಡುತ್ತಾರಾ?

ಮುಲುಂಡ್ ಟೆಕ್ನಿಷಿಯನ್
ಸಾಮಾನ್ಯವಾಗಿ ತೆಗೆಯುವುದಿಲ್ಲ. ಹಳೆಯವು ಬೆನ್ನ ಹಿಂದೆ ಅಲ್ಲೇ ಇರುತ್ತವೆ. ಹೊಸದನ್ನು ಕೆಳಹೊಟ್ಟೆಯಲ್ಲಿ, ಹೆಚ್ಚಾಗಿ ಬಲಗಡೆ ಕೂರಿಸುತ್ತಾರೆ.

ಪೊವಾಯಿ ಅಮ್ಮ
ಓಹೋ. ಮತ್ತೆ ಅಣ್ಣನಿಗೆ ದಿನಾ ಎಳನೀರು ಕೊಡಿ, ಕಿಡ್ನಿಗೆ ತಂಪು.

ಮುಲುಂಡ್ ಟೆಕ್ನಿಷಿಯನ್
ಅಯ್ಯೋ, ದಯವಿಟ್ಟು ಕೊಡಬೇಡಿ! ಡಯಾಲಿಸಿಸ್ ರೋಗಿಗೆ ಎಳನೀರು ಅಪಾಯ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಹೃದಯವೇ ನಿಲ್ಲಬಹುದು. ನಮ್ಮ ಕರಾವಳಿಯವರೇ ಈ ತಪ್ಪು ಹೆಚ್ಚು ಮಾಡುತ್ತಾರೆ, ಊರಿಂದ ಯಾರು ಬಂದರೂ ಎಳನೀರು ತರುತ್ತಾರೆ. ಬಾಳೆಹಣ್ಣೂ ಹಾಗೇ. ತರಕಾರಿ ಹೆಚ್ಚಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿ, ಆಮೇಲೆ ಪಲ್ಯ ಮಾಡಿ.

ಮಾಟುಂಗಾ ಮಾವ
ಕುಚಲಕ್ಕಿ ಗಂಜಿ?

ಮುಲುಂಡ್ ಟೆಕ್ನಿಷಿಯನ್
ಅನ್ನ ಉಣ್ಣಲಿ. ಗಂಜಿಯ ತಿಳಿ ಕುಡಿದರೆ ಅದೂ ದಿನಕ್ಕೆ ಇಷ್ಟೇ ನೀರು ಅಂತ ಇರುವ ಲೆಕ್ಕಕ್ಕೆ ಸೇರುತ್ತದೆ. ಉಪ್ಪಿನಕಾಯಿ ಬೇಡ, ಬಾಯಾರಿಕೆ ತಡೆಯಲು ಆಗುವುದಿಲ್ಲ.

ಅಂಧೇರಿ ಇಂಜಿನಿಯರ್
ಮತ್ತೆ ವಿಷಯಕ್ಕೆ ಬರೋಣ. ಸ್ವಾಪ್ ಯಾರೂ ಹೇಳಲಿಲ್ಲ. 2011ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಇವರ ಅತ್ತಿಗೆ ಇನ್ನೊಂದು ಮನೆಯ ಬಿ ರೋಗಿಗೆ ಕೊಡುವುದು, ಆ ಮನೆಯ ಓ ಡೋನರ್ ಇವರ ಅಣ್ಣನಿಗೆ ಕೊಡುವುದು. ಮುಂಬೈಯಲ್ಲಿ ಅಪೆಕ್ಸ್ ಕಿಡ್ನಿ ಫೌಂಡೇಶನ್ ಇದಕ್ಕಾಗಿ ರಿಜಿಸ್ಟ್ರಿ ನಡೆಸುತ್ತದೆ. ಸಮಸ್ಯೆ ಮುಗಿಯಿತಲ್ವಾ?

ನಿವೃತ್ತ ಕೋಆರ್ಡಿನೇಟರ್
ಹೆಸರು ಹಾಕಿಸಿ, ನಷ್ಟವಿಲ್ಲ. ಆದರೆ ಮುಗಿಯಿತು ಅನ್ನಬೇಡಿ. ಬಿ ರೋಗಿಗೆ ಮನೆಯಲ್ಲೇ ಓ ಡೋನರ್ ಇದ್ದರೆ ಅವರು ನೇರವಾಗಿ ತೆಗೆದುಕೊಳ್ಳಬಹುದು, ಓ ಎಲ್ಲರಿಗೂ ಆಗುತ್ತದೆ. ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದು ಕೊಡಲು ಆಗದವರು ಮಾತ್ರ ಸ್ವಾಪಿಗೆ ಬರುತ್ತಾರೆ. ಅದಕ್ಕೇ ಓ ರೋಗಿಗೆ ಸ್ವಾಪ್ ಜೋಡಿ ಸಿಗುವುದು ಕಷ್ಟ. ಎ ಮತ್ತು ಬಿ ಮನೆಗಳಿಗೆ ಬೇಗ ಕೂಡಿಬರುತ್ತದೆ.

ಅಂಧೇರಿ ಇಂಜಿನಿಯರ್
ಸರಿ, ಅದು ಹೊಳೆದಿರಲಿಲ್ಲ. ಗುಂಪು ಬೇರೆ ಇದ್ದರೂ ಕಸಿ ಮಾಡುತ್ತಾರಂತಲ್ಲ?

ನಿವೃತ್ತ ಕೋಆರ್ಡಿನೇಟರ್
ಮಾಡುತ್ತಾರೆ. ಮೊದಲೇ ಔಷಧಿ ಕೊಟ್ಟು, ರಕ್ತದ ಪ್ಲಾಸ್ಮಾ ಬದಲಿಸಿ, ಬೇರೆ ಗುಂಪಿನ ಕಿಡ್ನಿಯ ಮೇಲೆ ದಾಳಿ ಮಾಡುವ ಪ್ರತಿಕಾಯ ಇಳಿಸಬೇಕು. ಖರ್ಚು ಜಾಸ್ತಿ, ಸೋಂಕಿನ ಭಯ ಜಾಸ್ತಿ. ಬೇರೆ ದಾರಿ ಇಲ್ಲದಿದ್ದರೆ ಡಾಕ್ಟರ ಹತ್ತಿರ ಕೇಳಿ. ಆದರೆ ಇವರ ಮನೆಯಲ್ಲಿ ಓ ಗುಂಪಿನ ಅಕ್ಕ ಇದ್ದಾಳೆ. ಒಪ್ಪಿಯೂ ಇದ್ದಾಳೆ. ನಾವೆಲ್ಲ ಅವಳನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೇವೆ.

ಬೊರಿವಲಿ ಅಕ್ಕ
ನಾನು ನನ್ನ ತಮ್ಮನಿಗೆ ಕಿಡ್ನಿ ಕೊಟ್ಟವಳು. ಒಂಬತ್ತು ವರ್ಷ ಆಯಿತು. ಎರಡು ಮಾತು ಹೇಳುತ್ತೇನೆ, ಒಂದಕ್ಕೊಂದು ಎದುರು ಅನ್ನಿಸಬಹುದು.

ಮೊದಲನೆಯದು. ನಮ್ಮ ದೇಶದಲ್ಲಿ ಬದುಕಿದ್ದು ಕೊಡುವವರಲ್ಲಿ ಹೆಂಗಸರೇ ಹೆಚ್ಚು. ತಾಯಿ, ಹೆಂಡತಿ, ಅಕ್ಕ. ಪಡೆಯುವವರಲ್ಲಿ ಗಂಡಸರು ಹೆಚ್ಚು. ನನ್ನ ವಾರ್ಡಿನಲ್ಲೂ ಹಾಗೇ ಇತ್ತು. ಹಾಗಾಗಿ ಅಕ್ಕ ಕೊಡುತ್ತಾಳೆ ಅಂದ ಕೂಡಲೇ ಖುಷಿಪಡಬೇಡಿ. ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿ. 'ಬೇಡ ಅಂದರೂ ನಾವು ನಿನ್ನನ್ನು ಹಾಗೇ ನೋಡುತ್ತೇವೆ' ಅಂತ ಹೇಳಿ. ಹೆಂಗಸು ಡೋನರ್ ಆದರೆ ಅವಳ ಒಪ್ಪಿಗೆ ನಿಜವಾ ಅಂತ ಹೆಚ್ಚು ಜಾಗ್ರತೆಯಿಂದ ನೋಡಬೇಕು ಅಂತ 2014ರ ನಿಯಮದಲ್ಲೇ ಇದೆ. ನನ್ನನ್ನು ಒಬ್ಬಳನ್ನೇ ಕರೆದು ಕೇಳಿದ್ದರು.

ಎರಡನೆಯದು. ಅವಳು ನಿಜವಾಗಿ ಕೊಡಬೇಕು ಅಂದರೆ ಭಾವನ ಮನೆಯವರು ಬೇಡ ಅಂದರು ಅಂತ ಅಲ್ಲಿಗೇ ಬಿಡಬೇಡಿ. ಅವರಿಗೆ ಹೆದರಿಕೆ ಇರುತ್ತದೆ. ನಮ್ಮ ಅತ್ತೆಯೂ ಇವಳು ಇನ್ನು ಕೊಡ ಎತ್ತಲಾರಳು, ಮನೆ ಕೆಲಸ ಮಾಡಲಾರಳು ಅಂತ ಅತ್ತಿದ್ದರು. ಡಾಕ್ಟರ ಮುಂದೆ ಕೂರಿಸಿದೆವು. ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್, ಸಣ್ಣ ಗಾಯ, ಐದು ದಿನಕ್ಕೆ ಮನೆ. ಎರಡು ತಿಂಗಳು ಭಾರ ಎತ್ತಲಿಲ್ಲ. ಈಗ ಎಲ್ಲಾ ಮಾಡುತ್ತೇನೆ. ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸುತ್ತೇನೆ, ನೋವಿನ ಮಾತ್ರೆ ಸುಮ್ನೆ ನುಂಗುವುದಿಲ್ಲ.

ಮೀರಾ ರೋಡ್ ಮಗಳು
ಅಕ್ಕಾ, ಕೈ ಮುಗಿಯುತ್ತೇನೆ.

ನಿವೃತ್ತ ಕೋಆರ್ಡಿನೇಟರ್
ಒಂದು ಸೇರಿಸುತ್ತೇನೆ. ಇವರ ಮನೆಯಲ್ಲಿ ಇಬ್ಬರಿಗೆ ಶುಗರ್ ಇದೆ. ಹಾಗಾಗಿ ಅಕ್ಕನಿಗೆ ಗ್ಲೂಕೋಸ್ ಟಾಲರೆನ್ಸ್ ಪರೀಕ್ಷೆ ಮೊದಲು ಮಾಡಿಸಿ. ಅವಳಿಗೂ ಶುಗರ್ ಬರುವ ಸೂಚನೆ ಇದ್ದರೆ ಯಾವ ಒಳ್ಳೆಯ ತಂಡವೂ ಅವಳ ಕಿಡ್ನಿ ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ.

ವಾಸ್ಕೋ ಕನ್ನಡಿಗ
ಗೋವಾದಿಂದ ಒಂದು ಮಾತು. ಭಾವನ ಮನೆಯವರಿಗೆ ಮುಂಬೈ ದೂರ ಅನ್ನಿಸಿದರೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲೂ ಕಿಡ್ನಿ ಕಸಿ ಆಗುತ್ತದೆ. ಮಣಿಪಾಲ ಅಂತೂ ಕುಂದಾಪುರದ ಪಕ್ಕದಲ್ಲೇ. 2023ರಲ್ಲಿ ಕ್ಯಾಡೆವರ್ ಪಟ್ಟಿಯ ನಿಯಮ ಬದಲಾಯಿತು, ಹೆಸರು ಹಾಕಲು ಆ ರಾಜ್ಯದ ನಿವಾಸಿಯೇ ಆಗಬೇಕು ಅನ್ನುವುದನ್ನು ತೆಗೆದರು. 65 ವರ್ಷದ ಮಿತಿಯನ್ನೂ ತೆಗೆದರು. ಎಲ್ಲಿ ಬೇಕಾದರೂ ಹೆಸರು ಹಾಕಬಹುದು.

ಪಿಂಪ್ರಿ ಪಾಟೀಲರ ಮನೆ
ಹಂಗಂದ್ರ ಮುಂಬೈ, ಪುಣೆ, ಬೆಂಗಳೂರು ಮೂರೂ ಕಡೆ ಹಾಕ್ಲಿ.

ಮುಲುಂಡ್ ಟೆಕ್ನಿಷಿಯನ್
ಆಗುವುದಿಲ್ಲ. ಒಬ್ಬರಿಗೆ ಒಂದೇ ಗುರುತಿನ ನಂಬರ್. ಕಾಲ್ ಬಂದರೆ ಬೇಗ ತಲುಪುವ ಊರನ್ನೇ ಆರಿಸಿ. ಥಾಣೆಯಲ್ಲಿ ಇರುವವರಿಗೆ ಮುಂಬೈಯೇ ಸರಿ.

ಮಸ್ಕತ್‌ನಿಂದ ಬಂದವ
ನಾನು ಇಪ್ಪತ್ತು ವರ್ಷ ಮಸ್ಕತ್‌ನಲ್ಲಿದ್ದೆ. ಅಲ್ಲಿನವರು ಲಿವರ್ ಕಸಿಗೆ ಮುಂಬೈ, ಚೆನ್ನೈಗೆ ಬರುತ್ತಾರೆ. ತಮ್ಮದೇ ಡೋನರ್ ಕರೆದುಕೊಂಡು, ರಾಯಭಾರ ಕಚೇರಿಯ ಪತ್ರ ಹಿಡಿದು ಬರುತ್ತಾರೆ. ಇಲ್ಲಿನ ಸಮಿತಿ ಒಪ್ಪಿದರೆ ಮಾತ್ರ ಆಪರೇಷನ್. ಹೊರದೇಶದ ರೋಗಿಗೆ ಸಂಬಂಧಿಯಲ್ಲದ ಭಾರತೀಯರು ಕೊಡುವಂತಿಲ್ಲ. ಕ್ಯಾಡೆವರ್ ಪಟ್ಟಿಯಲ್ಲೂ ಹೊರದೇಶದವರದ್ದು ಕೊನೆಯ ಸಾಲು. ಬೇರೆ ದೇಶಕ್ಕೆ ಹೋದರೆ ನಾವೂ ಕೊನೆಯ ಸಾಲಿನವರೇ ತಾನೆ? ಹಾಗಿರುವಾಗ ಆ ಏಜೆಂಟನಿಗೆ ಮೂರು ವಾರದಲ್ಲಿ ಕಿಡ್ನಿ ಎಲ್ಲಿಂದ ಸಿಗುತ್ತದೆ?

ಘಾಟ್ಕೋಪರ್ ಗೆಳೆಯ
ಈ ಮಾತು ನನಗೂ ಹಿಡಿಸಿತು. ಮೊದಲು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಡೊಂಬಿವಲಿಯವರೇ, ಹಣದ ಬಗ್ಗೆ: ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕಿಡ್ನಿ ಕಸಿ ಇದೆ. ರೇಷನ್ ಕಾರ್ಡ್ ಮಹಾರಾಷ್ಟ್ರದ್ದಾ? ಸಿದ್ಧಿವಿನಾಯಕ ದೇವಸ್ಥಾನದ ಟ್ರಸ್ಟ್ ಕೂಡ ಚಿಕಿತ್ಸೆಗೆ ಸಹಾಯ ಮಾಡುತ್ತದೆ. ಅರ್ಜಿ ಮರಾಠಿಯಲ್ಲಿ ಬರೆಯಬೇಕಾದರೆ ನಾನು ಬಂದು ಬರೆದುಕೊಡುತ್ತೇನೆ.

ಡೊಂಬಿವಲಿ ತಮ್ಮ
ಹತ್ತು ದಿನ ಬರೆಯಲು ಆಗಲಿಲ್ಲ. ಅಣ್ಣ ಕಾಂದಿವಲಿಯವರ ಜೊತೆ ಎರಡು ಗಂಟೆ ಮಾತಾಡಿದ. ಮಾರನೇ ದಿನ ತಾನೇ ಕೋಆರ್ಡಿನೇಟರ್ ಹತ್ತಿರ ಹೋಗೋಣ ಅಂದ. ಪಟ್ಟಿಗೆ ಹೆಸರು ಹಾಕಿಸಿದೆವು. ಹಲ್ಲಿನ ಡಾಕ್ಟರಿಗೆ ತೋರಿಸಿ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ ಅಂದಿದ್ದಾರೆ. ಏಜೆಂಟ್ ನಾಲ್ಕು ಸಲ ಫೋನ್ ಮಾಡಿದ. ಅಣ್ಣನೇ ಎತ್ತಿ ಬೇಡ ಅಂದ.

ಬೊರಿವಲಿ ಅಕ್ಕನ ಮಾತನ್ನು ಅಕ್ಕನಿಗೆ ಹಾಗೇ ಫೋನಿನಲ್ಲಿ ಓದಿದೆ. 'ನಾನು ಯಾರ ಒತ್ತಾಯಕ್ಕೂ ಹೇಳುತ್ತಿಲ್ಲ' ಅಂದಳು. ಭಾವ ಮತ್ತು ಅವರ ಅಮ್ಮ ಇಬ್ಬರೂ ಅವಳ ಜೊತೆ ಮತ್ಸ್ಯಗಂಧದಲ್ಲಿ ಥಾಣೆಗೆ ಬಂದರು. ಡಾಕ್ಟರು ಮುಕ್ಕಾಲು ಗಂಟೆ ಕೂತು ಮಾತಾಡಿದರು. ಭಾವನ ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಪರೀಕ್ಷೆ ಆಗಲಿ ಅಂದಿದ್ದಾರೆ. ಗ್ಲೂಕೋಸ್ ಪರೀಕ್ಷೆ ಸರಿ ಬಂತು. ಕ್ರಾಸ್‌ಮ್ಯಾಚ್ ನೆಗೆಟಿವ್, ಅಂದರೆ ಒಳ್ಳೆಯದು ಅಂದರು.

ಈಗ ಒಂದು ತೊಂದರೆ. ಅಕ್ಕನ ಶಾಲೆಯ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಒಂದು ರೀತಿ, ಅಣ್ಣನದರಲ್ಲಿ ಇನ್ನೊಂದು ರೀತಿ ಇದೆ. ಒಡಹುಟ್ಟಿದವರು ಅಂತ ಹೇಗೆ ತೋರಿಸುವುದು?

ನಿವೃತ್ತ ಕೋಆರ್ಡಿನೇಟರ್
ಹೆದರಬೇಡಿ, ನಮ್ಮ ಕಡೆಯ ಅರ್ಧ ಕೇಸುಗಳಲ್ಲಿ ಹೀಗೇ ಇರುತ್ತದೆ. ಹೆಸರು ಎರಡೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ. ಮದುವೆಯ, ಮನೆಯ ಹಳೆಯ ಫೋಟೋ ಸೇರಿಸಿ. ಎಲ್ಲರ ಹೆಸರೂ ಇರುವ ಹಳೆಯ ರೇಷನ್ ಕಾರ್ಡ್ ಸಿಕ್ಕರೆ ತುಂಬಾ ಒಳ್ಳೆಯದು. ಏನೂ ಇಲ್ಲದಿದ್ದರೆ ಡಿಎನ್‌ಎ ಪರೀಕ್ಷೆ ಇದೆ.

ಡೊಂಬಿವಲಿ ತಮ್ಮ
ಹಳೆಯ ರೇಷನ್ ಕಾರ್ಡ್ ಊರಿನ ಮನೆಯಲ್ಲಿ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು. ಅಂಚು ಗೆದ್ದಲು ತಿಂದಿದೆ, ಆದರೆ ಮೂವರ ಹೆಸರೂ ಓದಲು ಬರುತ್ತದೆ. ಪಕ್ಕದ ಮನೆಯ ಹುಡುಗ ನಾಳೆ ಬಸ್ಸಿನಲ್ಲಿ ತರುತ್ತಿದ್ದಾನೆ.